ಶೇಕಡಾ 61ಕ್ಕೆ ನಿಂತುಹೋದ ಬ್ಯಾಕಪ್: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಹದಿನೆಂಟು ವರ್ಷಗಳ ಫೋಟೋಗಳು. ಎಣಿಸಿದರೆ 1,40,000ಕ್ಕೆ ಸ್ವಲ್ಪ ಹೆಚ್ಚು, ಒಟ್ಟು ಗಾತ್ರ 1.7 ಟಿಬಿ. ಹೊಸ ಹಾರ್ಡ್ ಡಿಸ್ಕ್ ತಂದು, ಫೋಲ್ಡರನ್ನು ಎಳೆದು ಅದರ ಮೇಲೆ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಮೇಲೆ ಶೇಕಡಾ 61 ಎಂಬ ಅಂಕಿ, ಅದರ ಪಕ್ಕದಲ್ಲಿ ಒಂದು ಚಿಕ್ಕ ಕಿಟಕಿ: ಅನಿರೀಕ್ಷಿತ ದೋಷದಿಂದಾಗಿ ಈ ಫೈಲನ್ನು ನಕಲು ಮಾಡಲಾಗಲಿಲ್ಲ. ಮತ್ತೆ ಪ್ರಯತ್ನಿಸು, ಬಿಟ್ಟು ಮುಂದೆ ಹೋಗು, ರದ್ದು ಮಾಡು ಎಂದು ಮೂರು ಗುಂಡಿಗಳು. ನಿದ್ದೆಗಣ್ಣಿನಲ್ಲಿ ನಾನು "ಬಿಟ್ಟು ಮುಂದೆ ಹೋಗು" ಒತ್ತಿದೆ. ಇನ್ನೊಂದು ಬಂತು, ಮತ್ತೆ ಒತ್ತಿದೆ. ಎಷ್ಟು ಬಾರಿ ಒತ್ತಿದೆ, ಯಾವ ಯಾವ ಫೈಲ್ ಬಿಟ್ಟುಹೋಯಿತು ಎಂದು ಬರೆದಿಟ್ಟುಕೊಳ್ಳಲಿಲ್ಲ. ಸಂಜೆಗೆ ಕೆಲಸ ಮುಗಿಯಿತು ಎಂದು ಕಂಪ್ಯೂಟರ್ ಹೇಳಿತು, ನಾನೂ ನಂಬಿದೆ. ಅದು ನಾನು ಮಾಡಿದ ಮೊದಲ ತಪ್ಪು, ಮತ್ತು ಎಲ್ಲಕ್ಕಿಂತ ದೊಡ್ಡ ತಪ್ಪು.

ಅದಾದ ಮೇಲೆ ಈ ಕೆಲಸವನ್ನು ನನಗಾಗಿಯೂ ನೆಂಟರು, ಗೆಳೆಯರಿಗಾಗಿಯೂ ಹಲವು ಸಲ ಮಾಡಿದ್ದೇನೆ. ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ದೋಷಸಂದೇಶದ ಪದಗಳಿಗಿಂತ ಅದು ಕಾಣಿಸಿಕೊಂಡ ಜಾಗವನ್ನು ಹೆಚ್ಚು ನಂಬಬೇಕು. ಚಿಕ್ಕ ಮಗುವಿಗೆ ಜ್ವರ ಬಂದರೂ ಕಿವಿ ನೋವಾದರೂ "ಹೊಟ್ಟೆ ನೋವು" ಎಂದೇ ಹೇಳುತ್ತದಲ್ಲ, ಕಂಪ್ಯೂಟರ್ ಕೂಡ ಹಾಗೆಯೇ. ಕೇಬಲ್ ಸಡಿಲವಾದರೂ "ಫೈಲ್ ಸಿಗಲಿಲ್ಲ" ಎನ್ನಬಹುದು, ಹೆಸರು ಉದ್ದವಾದರೂ ಅದೇ ಮಾತನ್ನು ಹೇಳಬಹುದು. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎರಡನೆಯ ಬಾರಿ ಓಡಿಸಿದಾಗ ಬ್ಯಾಕಪ್ ಅದೇ ಫೈಲಿನ ಬಳಿ ನಿಲ್ಲುತ್ತದೆಯೇ, ಅಥವಾ ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತದೆಯೇ?

ಅದೇ ಫೈಲಿನ ಬಳಿ ನಿಂತರೆ ತೊಂದರೆ ಆ ಫೈಲಿನದು, ಅದರ ಹೆಸರಿನದು, ಅಥವಾ ಅದು ಕುಳಿತಿರುವ ಡಿಸ್ಕಿನ ಆ ಜಾಗದ್ದು. ಬೇರೆ ಬೇರೆ ಕಡೆ ನಿಂತರೆ ತೊಂದರೆ ಸಾಗಿಸುವ ದಾರಿಯದು: ಕೇಬಲ್, ವಿದ್ಯುತ್, ಜಾಲ. ಈ ಒಂದು ವಿಂಗಡಣೆ ಅರ್ಧ ದಿನದ ಪರದಾಟವನ್ನು ಉಳಿಸುತ್ತದೆ. ಆದರೆ ಇದಕ್ಕೆ ದಾಖಲೆ ಬೇಕು. ಎಳೆದು ಬಿಡುವ ವಿಧಾನದಲ್ಲಿ ದಾಖಲೆ ಉಳಿಯುವುದಿಲ್ಲ. ವಿಂಡೋಸ್‌ನಲ್ಲಿ ರೋಬೊಕಾಪಿ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಆರ್‌ಸಿಂಕ್ ಎಂಬ ಉಪಕರಣಗಳಿವೆ. ಇವೆರಡೂ ಯಾವ ಫೈಲ್ ಹೋಯಿತು, ಯಾವುದು ಹೋಗಲಿಲ್ಲ ಎಂದು ಪಟ್ಟಿ ಬರೆದಿಡಬಲ್ಲವು. ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ ಶುರು ಮಾಡದೆ, ಉಳಿದದ್ದನ್ನು ಮಾತ್ರ ಸಾಗಿಸುತ್ತವೆ.

ರೋಬೊಕಾಪಿಯ ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಫೈಲನ್ನು ಓದಲಾಗದಿದ್ದರೆ ಅದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಷ್ಟು ಸಲ? ನಾವು ಏನೂ ಹೇಳದಿದ್ದರೆ 10 ಲಕ್ಷ ಸಲ, ಪ್ರತಿ ಸಲದ ನಡುವೆ 30 ಸೆಕೆಂಡ್ ವಿರಾಮ. ಲೆಕ್ಕ ಹಾಕಿದರೆ ಒಂದೇ ಕೆಟ್ಟ ಫೋಟೋಗಾಗಿ 347 ದಿನ ಕಾಯುವಷ್ಟು ತಾಳ್ಮೆ ಅದಕ್ಕಿದೆ. "ಬ್ಯಾಕಪ್ ಹ್ಯಾಂಗ್ ಆಗಿದೆ" ಎಂದು ನನ್ನನ್ನು ಕರೆಸಿದ ಎರಡು ಕಡೆ ಆಗಿದ್ದು ಇಷ್ಟೇ. ಮರುಪ್ರಯತ್ನದ ಸಂಖ್ಯೆಯನ್ನು ಎರಡಕ್ಕೂ ವಿರಾಮವನ್ನು ಐದು ಸೆಕೆಂಡಿಗೂ ಇಳಿಸಿ ಓಡಿಸಿದರೆ, ಅದು ಕೆಟ್ಟ ಫೈಲಿನ ಹೆಸರನ್ನು ಬರೆದಿಟ್ಟು ಮುಂದೆ ಹೋಗುತ್ತದೆ.

ಅದೇ ಫೈಲ್, ಅದೇ ಜಾಗ

ಮೊದಲು ಹೆಸರನ್ನು ನೋಡಿ. ವಿಂಡೋಸ್‌ನಲ್ಲಿ ಫೈಲಿನ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆ, ಎರಡು ಚುಕ್ಕಿಯ ವಿವರಣಾ ಚಿಹ್ನೆ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ ಇರುವಂತಿಲ್ಲ. ಲಿನಕ್ಸ್‌ನಲ್ಲಿ ಇವೆಲ್ಲ ನಡೆಯುತ್ತವೆ, ಮ್ಯಾಕ್‌ನಲ್ಲಿಯೂ ಬಹುಪಾಲು ನಡೆಯುತ್ತವೆ. ಹಾಗಾಗಿ "ಇವರು ಯಾರು?" ಎಂದು ಮ್ಯಾಕ್‌ನಲ್ಲಿ ಹೆಸರಿಟ್ಟ ಫೋಲ್ಡರ್ ವಿಂಡೋಸ್ ಡಿಸ್ಕಿಗೆ ಹೋಗುವಾಗ ಹೊಸ್ತಿಲಲ್ಲೇ ನಿಲ್ಲಬಹುದು. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಅಥವಾ ಚುಕ್ಕಿ ಉಳಿದಿದ್ದರೂ ಇದೇ ಗತಿ.

ಆಮೇಲೆ ಉದ್ದ. ವಿಂಡೋಸ್‌ನಲ್ಲಿ ಡ್ರೈವ್‌ನ ಅಕ್ಷರದಿಂದ ಹಿಡಿದು ಫೈಲಿನ ಹೆಸರಿನ ತುದಿಯವರೆಗೆ ಇಡೀ ದಾರಿ 260 ಅಕ್ಷರ ಮೀರಬಾರದು ಎಂಬ ಹಳೆಯ ಮಿತಿ ಇದೆ. ವಿಂಡೋಸ್ 10ರಲ್ಲಿ ಇದನ್ನು ಸಡಿಲಿಸುವ ಆಯ್ಕೆ ಬಂದಿದ್ದರೂ ಎಲ್ಲ ತಂತ್ರಾಂಶಗಳೂ ಅದನ್ನು ಪಾಲಿಸುವುದಿಲ್ಲ. ಬ್ಯಾಕಪ್ ಮಾಡುವಾಗಲೇ ಈ ಮಿತಿ ಮುರಿಯುವುದಕ್ಕೆ ಸರಳ ಕಾರಣವಿದೆ: ಮೂಲದಲ್ಲಿ 240 ಅಕ್ಷರವಿದ್ದ ದಾರಿಯನ್ನು ನಾವು "ಹಳೆಯ ಲ್ಯಾಪ್‌ಟಾಪ್‌ನ ಪೂರ್ತಿ ಬ್ಯಾಕಪ್" ಎಂಬ ಇನ್ನೊಂದು ಫೋಲ್ಡರಿನೊಳಗೆ ತುರುಕುತ್ತೇವೆ. ಆ ಹೊಸ ಹೆಸರಿನ ಉದ್ದವೂ ಲೆಕ್ಕಕ್ಕೆ ಸೇರಿ ಒಳಗಿನ ಫೈಲ್‌ಗಳು ಗಡಿ ದಾಟುತ್ತವೆ. ಹೊರಗಿನ ಫೋಲ್ಡರಿಗೆ "ಬ 1" ಎಂದು ಹೆಸರಿಟ್ಟರೆ ಸಾಕು, ದೋಷ ಮಾಯ.

ಕನ್ನಡದಲ್ಲಿ ಹೆಸರಿಡುವವರು ಇಲ್ಲಿ ಇನ್ನೂ ಸ್ವಲ್ಪ ಎಚ್ಚರ ವಹಿಸಬೇಕು. "ಪ್ರವಾಸ" ಎಂಬ ಪದ ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಅದು ಪ, ವಿರಾಮ ಚಿಹ್ನೆ, ರ, ವ, ಆಕಾರದ ಗುಣಿತ, ಸ ಎಂದು ಆರು ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಈ ಆರರಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು ಹದಿನೆಂಟು. ಲಿನಕ್ಸ್ ಆಧಾರಿತ ಶೇಖರಣಾ ಪೆಟ್ಟಿಗೆಗಳಲ್ಲಿ, ಅಂದರೆ ಮನೆಯ ಜಾಲಕ್ಕೆ ಜೋಡಿಸುವ ಡಿಸ್ಕ್ ಪೆಟ್ಟಿಗೆಗಳಲ್ಲಿ, ಒಂದು ಹೆಸರಿಗೆ 255 ಬೈಟ್ ಮಿತಿ; ಅಂದರೆ ಇಂಗ್ಲಿಷ್‌ನಲ್ಲಿ 255 ಅಕ್ಷರ, ಕನ್ನಡದಲ್ಲಿ 85 ಸಂಕೇತ ಮಾತ್ರ. ಪೆಟ್ಟಿಗೆಯಲ್ಲಿ ಫೋಲ್ಡರನ್ನು ಗೂಢಲಿಪಿಗೊಳಿಸಿ ಇಟ್ಟಿದ್ದರೆ ಕೆಲವು ಪದ್ಧತಿಗಳಲ್ಲಿ ಮಿತಿ 143 ಬೈಟಿಗೆ ಇಳಿಯುತ್ತದೆ, ಕನ್ನಡಕ್ಕೆ 47 ಸಂಕೇತ. "ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ನೆಂಟರಿಷ್ಟರೆಲ್ಲರೂ ಸೇರಿದ ದಿನ" ಎಂದು ಹೆಸರಿಟ್ಟ ಫೋಲ್ಡರ್ ಅಲ್ಲಿಗೆ ಹೋಗುವುದೇ ಇಲ್ಲ.

ಇದಕ್ಕಿಂತ ಸೋಜಿಗದ್ದು "ಫೋಟೋ" ಎಂಬ ಪದದ ಕಥೆ. ಫೋ ಎಂಬಲ್ಲಿರುವ ಓಕಾರದ ಗುಣಿತವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ, ಊಕಾರ, ದೀರ್ಘದ ಚಿಹ್ನೆ ಎಂದು ಮೂರು ತುಂಡಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ (ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಹೆಸರನ್ನು ಬಿಡಿಸಿ ಇಡುತ್ತಿತ್ತು. ಬೇರೆ ವ್ಯವಸ್ಥೆಗಳು ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತವೆ. ಹಾಗಾಗಿ ಆ ಮ್ಯಾಕ್‌ನಿಂದ ಲಿನಕ್ಸ್ ಪೆಟ್ಟಿಗೆಗೆ ಬ್ಯಾಕಪ್ ಮಾಡಿದಾಗ ಅಲ್ಲಿ "ಫೋಟೋ" ಎಂಬ ಒಂದೇ ಹೆಸರಿನ ಎರಡು ಫೋಲ್ಡರ್‌ಗಳು ಅಕ್ಕಪಕ್ಕ ಕುಳಿತಿರುತ್ತವೆ, ಒಂದು ನಾಲ್ಕು ಸಂಕೇತದ್ದು, ಇನ್ನೊಂದು ಎಂಟರದ್ದು. ಬ್ಯಾಕಪ್ ಉಪಕರಣ ಇದನ್ನು ಹೊಸ ಫೋಲ್ಡರ್ ಎಂದುಕೊಂಡು ಎಲ್ಲವನ್ನೂ ಮತ್ತೊಮ್ಮೆ ನಕಲು ಮಾಡುತ್ತದೆ, ಜಾಗ ತುಂಬಿತು ಎಂದು ಕೊನೆಗೆ ಗೊಣಗುತ್ತದೆ. ಆರ್‌ಸಿಂಕ್‌ನಲ್ಲಿ ಹೆಸರಿನ ರೂಪವನ್ನು ಪರಿವರ್ತಿಸುವ ಆಯ್ಕೆ ಇದೆ. ಕನ್ನಡದಲ್ಲಿ ಹೆಸರಿಡಬೇಡಿ ಎಂದು ನಾನಂತೂ ಹೇಳಲಾರೆ. ನನ್ನ ರೂಢಿ ಏನೆಂದರೆ ಫೋಲ್ಡರಿನ ಹೆಸರು 2016-05 ಎಂಬಂತೆ ಬರಿಯ ಅಂಕಿ. ಸಂದರ್ಭದ ವಿವರವೆಲ್ಲ ಫೋಟೋದೊಳಗಿನ ಶೀರ್ಷಿಕೆಯಲ್ಲಿ, ಕನ್ನಡದಲ್ಲಿಯೇ.

ಹೆಸರು ಸರಿಯಿದ್ದು, ನಿಂತ ಫೈಲ್ ದೊಡ್ಡ ವಿಡಿಯೋ ಆಗಿದ್ದರೆ ಸಂಶಯವೇ ಬೇಡ. ಡಿಸ್ಕಿನಲ್ಲಿ 200 ಜಿಬಿ ಖಾಲಿ ಇದ್ದರೂ 5 ಜಿಬಿಯ ವಿಡಿಯೋ ಹಿಡಿಸುವುದಿಲ್ಲ ಎಂದು ಅದು ಹೇಳುತ್ತಿದ್ದರೆ, ಆ ಡಿಸ್ಕ್ ಫ್ಯಾಟ್32 ಪದ್ಧತಿಯಲ್ಲಿದೆ. 1996ರಲ್ಲಿ ಬಂದ ಈ ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ನಲ್ಲಿ ಈ ಅಡ್ಡಿಯಿಲ್ಲ, ವಿಂಡೋಸ್ ಮತ್ತು ಮ್ಯಾಕ್ ಎರಡೂ ಅದನ್ನು ಓದಿ ಬರೆಯುತ್ತವೆ. ಪದ್ಧತಿ ಬದಲಿಸುವುದೆಂದರೆ ಫಾರ್ಮ್ಯಾಟ್ ಮಾಡುವುದು, ಫಾರ್ಮ್ಯಾಟ್ ಮಾಡುವುದೆಂದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುವುದು. ಒಳಗೆ ಏನಾದರೂ ಇದ್ದರೆ ಮೊದಲು ಬೇರೆ ಕಡೆ ತೆಗೆದಿಡಿ.

ಎಕ್ಸ್‌ಫ್ಯಾಟ್‌ಗೂ ಎರಡು ಕುಂದುಗಳಿವೆ. ಬರೆಯುವ ಮಧ್ಯೆ ಕೇಬಲ್ ಕಿತ್ತರೆ ತಾನೇನು ಮಾಡುತ್ತಿದ್ದೆ ಎಂದು ನೆನಪಿಟ್ಟುಕೊಳ್ಳುವ ದಿನಚರಿ ಅದಕ್ಕಿಲ್ಲ, ಹಾಗಾಗಿ ಬೇಗ ಹದಗೆಡುತ್ತದೆ. ಇನ್ನೊಂದು, ದೊಡ್ಡ ಡಿಸ್ಕುಗಳಲ್ಲಿ ಅದು ಸಾಮಾನ್ಯವಾಗಿ ಜಾಗವನ್ನು 128 ಕೆಬಿಯ ತುಂಡುಗಳಲ್ಲಿ ಹಂಚುತ್ತದೆ. ಫೋಟೋ ತಿದ್ದುವ ತಂತ್ರಾಂಶಗಳು ಪ್ರತಿ ಚಿತ್ರದ ಪಕ್ಕದಲ್ಲಿ ನಾಲ್ಕೈದು ಕೆಬಿಯ ಟಿಪ್ಪಣಿ ಫೈಲ್ ಇಡುತ್ತವಲ್ಲ, ಅಂಥ ಒಂದೊಂದೂ 128 ಕೆಬಿ ಜಾಗ ನುಂಗುತ್ತದೆ. ಒಂದು ಲಕ್ಷ ಟಿಪ್ಪಣಿಗಳಿದ್ದರೆ ಸುಮಾರು 13 ಜಿಬಿ. ಮೂಲದ ಗಾತ್ರ ನೋಡಿ "ಹಿಡಿಸುತ್ತದೆ" ಎಂದುಕೊಂಡ ಡಿಸ್ಕ್ ಕೊನೆಯ ಹಂತದಲ್ಲಿ ತುಂಬಿಬಿಡುವುದಕ್ಕೆ ಇದೂ ಒಂದು ಕಾರಣ. ಡಿಸ್ಕಿನ ಪೆಟ್ಟಿಗೆಯ ಮೇಲೆ 1 ಟಿಬಿ ಎಂದಿದ್ದರೂ ವಿಂಡೋಸ್ 931 ಜಿಬಿ ಎಂದು ತೋರಿಸುವುದು ಬೇರೆ ವಿಷಯ. ಅದು ಮೋಸವಲ್ಲ, ಒಬ್ಬರು ಸಾವಿರದಿಂದ, ಇನ್ನೊಬ್ಬರು 1024ರಿಂದ ಭಾಗಿಸುವ ಜಗಳ.

"ಬಳಕೆಯಲ್ಲಿದೆ" ಎಂದು ಬರುವ ಫೈಲ್ ಬಹುತೇಕ ಫೋಟೋ ಆಗಿರುವುದಿಲ್ಲ, ಫೋಟೋ ತಂತ್ರಾಂಶದ ಸೂಚಿ ಫೈಲ್ ಆಗಿರುತ್ತದೆ. ತಂತ್ರಾಂಶವನ್ನು ಪೂರ್ತಿ ಮುಚ್ಚಿ ಮತ್ತೆ ಓಡಿಸಿ. ತೆರೆದಿಟ್ಟುಕೊಂಡೇ ಅದನ್ನು ನಕಲು ಮಾಡುವ ಉಪಾಯಗಳಿವೆ, ಆದರೆ ಅರ್ಧ ಬರೆದ ಸೂಚಿಯ ನಕಲು ಮುಂದೊಂದು ದಿನ ತೆರೆಯದೆ ಹೋಗುತ್ತದೆ. "ಅನುಮತಿ ಇಲ್ಲ" ಎಂದು ಬಂದರೆ, ಹಳೆಯ ಕಂಪ್ಯೂಟರಿನಿಂದ ಕಳಚಿ ತಂದ ಡಿಸ್ಕಾದರೆ ಅದರ ಫೈಲ್‌ಗಳ ಒಡೆತನ ಇನ್ನೂ ಹಳೆಯ ಬಳಕೆದಾರರ ಹೆಸರಿನಲ್ಲಿರುತ್ತದೆ, ಅದನ್ನು ಬದಲಿಸಿಕೊಳ್ಳಬೇಕು. ಮ್ಯಾಕ್‌ನಲ್ಲಿ 2018ರ ಮೊಹಾವಿ ಆವೃತ್ತಿಯಿಂದೀಚೆಗೆ ಬ್ಯಾಕಪ್ ತಂತ್ರಾಂಶಕ್ಕೆ ಡಿಸ್ಕಿನ ಪೂರ್ಣ ಪ್ರವೇಶವನ್ನು ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಕೊಡಬೇಕು.

ಇವು ಯಾವುವೂ ಅಲ್ಲದಿದ್ದರೆ ಉಳಿಯುವುದು ಹೆದರಿಕೆಯ ಕಾರಣ: ಮೂಲ ಡಿಸ್ಕಿನ ಆ ಜಾಗವೇ ಕೆಟ್ಟಿದೆ. ವಿಂಡೋಸ್ ಇದನ್ನು ಸೈಕ್ಲಿಕ್ ರಿಡಂಡೆನ್ಸಿ ಚೆಕ್ ಎಂದೋ ಇನ್‌ಪುಟ್ ಔಟ್‌ಪುಟ್ ದೋಷವೆಂದೋ ಕರೆಯುತ್ತದೆ, ಮ್ಯಾಕ್‌ನಲ್ಲಿ ಮೈನಸ್ 36 ಎಂಬ ಸಂಖ್ಯೆ ಕಾಣಿಸುತ್ತದೆ. ನಿಲ್ಲುವ ಮೊದಲು ವೇಗ ಸೊನ್ನೆಗೆ ಇಳಿದು, ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಆಗ ಡಿಸ್ಕಿನ ಆರೋಗ್ಯಪತ್ರ ನೋಡಬೇಕು. ಸ್ಮಾರ್ಟ್ ಎಂಬ ವ್ಯವಸ್ಥೆಯ ಮೂಲಕ ಹಾರ್ಡ್ ಡಿಸ್ಕ್ ತನ್ನ ನೋವುಗಳ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಉದ್ದದ ಪಟ್ಟಿಯಲ್ಲಿ ನೋಡಬೇಕಾದದ್ದು ನಾಲ್ಕೇ ಸಾಲು. ಐದನೆಯ ಕ್ರಮಸಂಖ್ಯೆ ಈಗಾಗಲೇ ಕೈಬಿಟ್ಟು ಬದಲಿ ಕೊಟ್ಟ ಜಾಗಗಳ ಎಣಿಕೆ. 197 ಎಂದರೆ ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಜಾಗಗಳು. 198 ಎಂದರೆ ಓದಲು ಆಗುವುದೇ ಇಲ್ಲ ಎಂದು ಗೊತ್ತಾದವು. ಈ ಮೂರರಲ್ಲಿ ಸೊನ್ನೆಗಿಂತ ಹೆಚ್ಚಿನದು ಇದ್ದು ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ ಡಿಸ್ಕ್ ಹೊರಡಲು ಗಂಟುಮೂಟೆ ಕಟ್ಟುತ್ತಿದೆ ಎಂದೇ ಅರ್ಥ. ನಾಲ್ಕನೆಯದು 199, ಅದರ ವಿಷಯ ಬೇರೆ, ಮುಂದೆ ಹೇಳುತ್ತೇನೆ. ಈ ಸಂಖ್ಯೆಗಳನ್ನು ತಂತ್ರಾಂಶ ಹದಿನಾರರ ಎಣಿಕೆಯಲ್ಲಿ ತೋರಿಸುತ್ತಿದ್ದರೆ 197 ಸಿ5 ಆಗಿ, 199 ಸಿ7 ಆಗಿ ಕಾಣುತ್ತದೆ, ಗಾಬರಿಯಾಗಬೇಡಿ.

ಡಿಸ್ಕ್ ಕೆಡುತ್ತಿದೆ ಎಂದು ಖಚಿತವಾದ ಮೇಲೆ ಜನ ಮಾಡುವ ಮೊದಲ ಕೆಲಸ ಅದನ್ನು "ರಿಪೇರಿ" ಮಾಡಲು ಹೊರಡುವುದು. ದಯವಿಟ್ಟು ಬೇಡ. ಡಿಸ್ಕ್ ತಪಾಸಣೆಯ ಉಪಕರಣಗಳು ಇಡೀ ಮೇಲ್ಮೈಯನ್ನು ಗಂಟೆಗಟ್ಟಲೆ ಕೆರೆದು ಓದುತ್ತವೆ. ಉಸಿರು ಎಳೆಯುತ್ತಿರುವ ಡಿಸ್ಕಿಗೆ ಅದು ಮೆಟ್ಟಿಲು ಹತ್ತಿಸುವ ಶಿಕ್ಷೆ. ಮೊದಲು ಸುಲಭವಾಗಿ ಓದಲು ಬರುವುದನ್ನೆಲ್ಲ ತೆಗೆದುಕೊಳ್ಳಿ, ಕಷ್ಟದ ಜಾಗವನ್ನು ಕೊನೆಗೆ ಮುಟ್ಟಿ. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಪಕರಣ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ: ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಸಿಕ್ಕಿದ ಕೂಡಲೇ ಹಾರಿ ಮುಂದೆ ಹೋಗುತ್ತದೆ, ಎಲ್ಲೆಲ್ಲಿ ಹಾರಿತು ಎಂದು ನಕ್ಷೆ ಬರೆದಿಡುತ್ತದೆ, ಆಮೇಲೆ ಆ ಜಾಗಗಳಿಗೆ ಮಾತ್ರ ಹಿಂದಿರುಗಿ ಸ್ವಲ್ಪ ಸ್ವಲ್ಪವಾಗಿ ಓದಲು ನೋಡುತ್ತದೆ. ಡಿಸ್ಕ್ ತಿರುಗುವುದನ್ನೇ ನಿಲ್ಲಿಸಿದ್ದರೆ, ಅಥವಾ ಸದ್ದು ಕರಕರ ಎನ್ನುತ್ತಿದ್ದರೆ, ಮನೆಯ ಪ್ರಯೋಗ ಅಲ್ಲಿಗೆ ಮುಗಿಯಿತು. ವಿದ್ಯುತ್ ತೆಗೆದು, ಫೋಟೋಗಳು ಅಷ್ಟು ಮುಖ್ಯವಾದರೆ ದತ್ತಾಂಶ ಮರಳಿ ಪಡೆಯುವ ಪ್ರಯೋಗಾಲಯದವರಿಗೆ ಕೊಡಬೇಕು.

ಒಮ್ಮೊಮ್ಮೆ ಒಂದು ಕಡೆ

ಈಗ ಎರಡನೆಯ ಬಗೆ. ನಿನ್ನೆ 12,000ನೆಯ ಫೈಲಿಗೆ ನಿಂತಿತು, ಇಂದು 40,000ಕ್ಕೆ. ಡಿಸ್ಕ್ ಇದ್ದಕ್ಕಿದ್ದಂತೆ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಇಲ್ಲಿ ಫೋಟೋಗಳದು ಏನೂ ತಪ್ಪಿಲ್ಲ. ಹತ್ತರಲ್ಲಿ ಎಂಟು ಸಲ ನಾನು ಕೇಬಲ್ ಬದಲಿಸಿ ಗೆದ್ದಿದ್ದೇನೆ, ಅದೂ ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದ, ಡಿಸ್ಕಿನ ಜೊತೆಗೇ ಬಂದಿದ್ದ ಗಿಡ್ಡ ಕೇಬಲ್ಲಿನಿಂದ. ಆಗ ಹೇಳಿದ 199 ನೆನಪಿದೆಯೇ? ಅದು ದಾರಿಯಲ್ಲಿ ಕೆಟ್ಟುಹೋದ ರವಾನೆಗಳ ಎಣಿಕೆ, ಡಿಸ್ಕಿನ ಮೇಲ್ಮೈಗೂ ಅದಕ್ಕೂ ಸಂಬಂಧವಿಲ್ಲ. ಕಂಪ್ಯೂಟರಿನೊಳಗಿನ ಡಿಸ್ಕಿನಲ್ಲಿ 197 ಸೊನ್ನೆ ಇದ್ದು 199 ಏರುತ್ತಿದ್ದರೆ ಡಿಸ್ಕನ್ನು ಬೈಯುವುದು ಬಿಟ್ಟು ಅದರ ಕೇಬಲನ್ನು ಬದಲಿಸಬೇಕು. ಒಮ್ಮೆ ಏರಿದ ಈ ಎಣಿಕೆ ಮತ್ತೆ ಇಳಿಯುವುದಿಲ್ಲ. ಬದಲಿಸಿದ ಮೇಲೆ ಏರುವುದು ನಿಂತರೆ ಗೆದ್ದಂತೆ.

ಕೇಬಲ್ ಆದ ಮೇಲೆ ವಿದ್ಯುತ್. ಅಂಗೈಯಗಲದ ಪೋರ್ಟಬಲ್ ಡಿಸ್ಕುಗಳು ಯುಎಸ್‌ಬಿಯಿಂದಲೇ ವಿದ್ಯುತ್ ಎಳೆಯುತ್ತವೆ. ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ಬೇರೆ ವಿದ್ಯುತ್ ಇಲ್ಲದ ಹಬ್‌ಗೆ ಮೌಸ್, ಕೀಲಿಮಣೆ, ಎರಡು ಡಿಸ್ಕ್ ಎಲ್ಲವನ್ನೂ ಸಿಕ್ಕಿಸಿದರೆ ಒಂದೇ ಕಿಂಡಿಯ ವಿದ್ಯುತ್ತನ್ನು ಎಲ್ಲರೂ ಹಂಚಿಕೊಳ್ಳಬೇಕು. ಎರಡು ಡಿಸ್ಕುಗಳೂ ಒಟ್ಟಿಗೆ ದುಡಿಯುವ ಬ್ಯಾಕಪ್ ಹೊತ್ತಿನಲ್ಲಿಯೇ ಅದು ಸಾಲದೆ ಬರುತ್ತದೆ. ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ. ಕಂಪ್ಯೂಟರ್ ನಿದ್ದೆಗೆ ಜಾರುವುದನ್ನೂ, ವಿಂಡೋಸ್ ಯುಎಸ್‌ಬಿ ಕಿಂಡಿಗಳನ್ನು ಉಳಿತಾಯಕ್ಕೆಂದು ಮಲಗಿಸುವುದನ್ನೂ ಆ ರಾತ್ರಿಯ ಮಟ್ಟಿಗೆ ನಿಲ್ಲಿಸಿಡಿ.

ಫೋನಿನಿಂದ ನೇರವಾಗಿ ಕಂಪ್ಯೂಟರಿಗೆ ಎಳೆಯುವವರಿಗೆ ಇನ್ನೊಂದು ಕಾಟವಿದೆ. ಐಫೋನ್‌ನಿಂದ ವಿಂಡೋಸ್‌ಗೆ ಸಾಗಿಸುವಾಗ ನೂರಿನ್ನೂರು ಚಿತ್ರ ಆದಮೇಲೆ "ಸಾಧನ ಕೆಲಸ ಮಾಡುತ್ತಿಲ್ಲ" ಎಂದು ನಿಲ್ಲುತ್ತದೆ. ಫೋನ್ ತನ್ನಲ್ಲಿರುವ ಎಚ್‌ಇಐಸಿ ಎಂಬ ಬಗೆಯ ಚಿತ್ರಗಳನ್ನು ಸಾಗಿಸುತ್ತಲೇ ಜೆಪೆಗ್‌ಗೆ ಬದಲಾಯಿಸುತ್ತಿರುತ್ತದೆ, ಆ ಭಾರಕ್ಕೆ ಮುಗ್ಗರಿಸುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋಟೋಸ್ ವಿಭಾಗದ ಕೆಳಭಾಗಕ್ಕೆ ಹೋಗಿ "ಸ್ವಯಂಚಾಲಿತ" ಎಂಬುದನ್ನು ತೆಗೆದು "ಮೂಲವನ್ನೇ ಇರಿಸು" ಎಂಬುದನ್ನು ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬ್ಯಾಕಪ್‌ಗೆ ಬೇಕಾದದ್ದೂ ಮೂಲವೇ ತಾನೆ.

ನಿಧಾನ ಬೇರೆ, ನಿಂತದ್ದು ಬೇರೆ

ದೋಷವೆಂದು ಹೇಳಿಕೊಂಡು ಬರುವ ಅರ್ಧದಷ್ಟು ದೂರುಗಳು ಬರಿಯ ನಿಧಾನದವು. ಅಂತರ್ಜಾಲದ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ. ಒಂದು ಬೈಟ್ ಎಂದರೆ ಎಂಟು ಬಿಟ್. ನನ್ನ 1.7 ಟಿಬಿಯನ್ನು ಸೆಕೆಂಡಿಗೆ 20 ಮೆಗಾಬಿಟ್ ಮೇಲೇರಿಸುವ ಸಂಪರ್ಕದಲ್ಲಿ ಕ್ಲೌಡ್‌ಗೆ ಕಳುಹಿಸಲು, ಹಗಲೂ ರಾತ್ರಿ ಬಿಡದೆ ಓಡಿದರೂ, ಸುಮಾರು ಎಂಟು ದಿನ ಬೇಕು. ಜಾಹೀರಾತಿನಲ್ಲಿ ಕಾಣುವುದು ಇಳಿಸಿಕೊಳ್ಳುವ ವೇಗ. ಮೇಲೇರಿಸುವ ವೇಗ ಅದರ ಹತ್ತನೆಯ ಒಂದು ಪಾಲು ಇದ್ದರೂ ಅಚ್ಚರಿಯಿಲ್ಲ. ವರ್ಷಕ್ಕೊಂದು ಫೋಲ್ಡರಿನಂತೆ ಒಂದೊಂದಾಗಿ ಕಳುಹಿಸಿ. ಮಧ್ಯೆ ಕಡಿದರೆ ಒಂದು ವರ್ಷದ್ದು ಮಾತ್ರ ಮತ್ತೆ ನೋಡಿದರಾಯಿತು.

ಕೇಬಲ್ ಮೂಲಕ ಸಾಗಿಸುವಾಗ ವೇಗ ಸೆಕೆಂಡಿಗೆ 35 ಅಥವಾ 40 ಮೆಗಾಬೈಟ್‌ನಲ್ಲಿ ಗೆರೆ ಎಳೆದಂತೆ ನಿಂತಿದ್ದರೆ, ಕೇಬಲ್ಲೋ ಕಿಂಡಿಯೋ ಯುಎಸ್‌ಬಿ 2.0ಕ್ಕೆ ಇಳಿದಿದೆ. ಮೊದಲ ಒಂದೆರಡು ಗಂಟೆ ಚುರುಕಾಗಿದ್ದು ಆಮೇಲೆ ಆಮೆಯಾದರೆ ಡಿಸ್ಕ್ ಎಸ್‌ಎಂಆರ್ ಬಗೆಯದಿರಬಹುದು. ಅದರಲ್ಲಿ ಬರಹದ ಪಟ್ಟಿಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಹೊದ್ದುಕೊಂಡಿರುತ್ತವೆ. ಒಂದು ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕು. ಡಿಸ್ಕ್ ಕೆಟ್ಟಿಲ್ಲ, ಅದಕ್ಕೆ ಉಸಿರು ಬಿಡಲು ಸಮಯ ಬೇಕು. ಚಿಕ್ಕ ಚಿಕ್ಕ ಫೈಲ್‌ಗಳು ಲಕ್ಷಗಟ್ಟಲೆ ಇದ್ದಾಗಲೂ ವೇಗ ಕುಸಿಯುತ್ತದೆ. ಫೋಟೋ ತಂತ್ರಾಂಶಗಳು ತಮ್ಮ ಅನುಕೂಲಕ್ಕೆ ಮಾಡಿಟ್ಟುಕೊಳ್ಳುವ ಕಿರುಚಿತ್ರಗಳ ಸಂಗ್ರಹವನ್ನು ಬ್ಯಾಕಪ್‌ನಿಂದ ಹೊರಗಿಡಬಹುದು, ಅವು ಬೇಕಾದಾಗ ಮತ್ತೆ ಹುಟ್ಟುತ್ತವೆ.

ಎಲ್ಲ ಫೈಲ್‌ಗಳೂ ಈಗಾಗಲೇ ಹೋಗಿದ್ದರೂ ಆರ್‌ಸಿಂಕ್ ಪ್ರತಿ ಸಲ ಎಲ್ಲವನ್ನೂ ಹೊಸದಾಗಿ ಕಳುಹಿಸುತ್ತಿದೆಯೇ? ಫ್ಯಾಟ್ ಡಿಸ್ಕುಗಳು ಸಮಯವನ್ನು ಎರಡು ಸೆಕೆಂಡಿನ ಹೆಜ್ಜೆಗಳಲ್ಲಿ ಬರೆದುಕೊಳ್ಳುತ್ತವೆ. ಮೂಲದಲ್ಲಿ 31ನೆಯ ಸೆಕೆಂಡಿನ ಫೋಟೋ ಅಲ್ಲಿ 30 ಅಥವಾ 32 ಆಗುತ್ತದೆ, "ಇದು ಬೇರೆ" ಎಂದು ಉಪಕರಣ ತಿಳಿಯುತ್ತದೆ. ಒಂದು ಸೆಕೆಂಡಿನ ವ್ಯತ್ಯಾಸವನ್ನು ಕಡೆಗಣಿಸು ಎಂದು ಅದಕ್ಕೆ ಹೇಳುವ ಆಯ್ಕೆ ಇದೆ.

ಸದ್ದಿಲ್ಲದ ದೋಷಗಳು

ಇಲ್ಲಿಯವರೆಗೆ ಹೇಳಿದವು ಬಾಯಿಬಿಟ್ಟು ಕೂಗುವ ದೋಷಗಳು. ನನಗೆ ಭಯ ಇರುವುದು ಹಸಿರು ಗುರುತು ತೋರಿಸಿ "ಎಲ್ಲವೂ ಮುಗಿಯಿತು" ಎನ್ನುವ ಬ್ಯಾಕಪ್‌ಗಳ ಬಗ್ಗೆ.

ಮೊದಲನೆಯದು, ಮೂಲವೇ ಇಲ್ಲದ ಮೂಲ. ಫೋನಿನಲ್ಲಿಯೂ ಮ್ಯಾಕ್‌ನಲ್ಲಿಯೂ ಜಾಗ ಉಳಿಸುವ ಆಯ್ಕೆಯನ್ನು ಒಮ್ಮೆ ಒತ್ತಿದ್ದರೆ, ಪೂರ್ತಿ ಗಾತ್ರದ ಚಿತ್ರಗಳು ಕ್ಲೌಡ್‌ನಲ್ಲಿ ಮಾತ್ರ ಇದ್ದು ನಮ್ಮ ಸಾಧನದಲ್ಲಿ ಅವುಗಳ ಚಿಕ್ಕ ರೂಪ ಉಳಿದಿರಬಹುದು. ಅದನ್ನು ಡಿಸ್ಕಿಗೆ ಬ್ಯಾಕಪ್ ಮಾಡಿದರೆ ಆಗುವುದು ಕಿರುಚಿತ್ರಗಳ ಬ್ಯಾಕಪ್. ವಿಂಡೋಸ್‌ನ ಒನ್‌ಡ್ರೈವ್‌ನಲ್ಲಿ ಮೋಡದ ಚಿಹ್ನೆ ಇರುವ ಫೈಲ್‌ಗಳೂ ಬರಿಯ ಹೆಸರುಪಟ್ಟಿಗಳು. ಅಂತರ್ಜಾಲ ಇಲ್ಲದಾಗ ಅವನ್ನು ನಕಲು ಮಾಡಹೊರಟರೆ ದೋಷ ಬರುತ್ತದೆ, ಆ ದೋಷ ನಿಜಕ್ಕೂ ಉಪಕಾರಿ. 80 ಜಿಬಿ ಇರಬೇಕಾದ ಸಂಗ್ರಹ 9 ಜಿಬಿಗೆ ಮುಗಿದರೆ ಸಂತೋಷಪಡುವ ಮೊದಲು ಇದನ್ನು ಪರೀಕ್ಷಿಸಿ. ಮೂಲಗಳನ್ನು ಇಳಿಸಿಕೊಳ್ಳುವ ಆಯ್ಕೆಯನ್ನು ಒತ್ತಿ, ಅದು ಮುಗಿಯುವವರೆಗೆ ಕಾಯಬೇಕು. ಇದಕ್ಕೆ ಹತ್ತಿರದ ಇನ್ನೊಂದು: ಗೂಗಲ್ ಫೋಟೋಸ್‌ನಲ್ಲಿ ಜಾಗ ಉಳಿಸುವ ಗುಣಮಟ್ಟವನ್ನು ಆರಿಸಿದ್ದರೆ ಅಲ್ಲಿಗೆ ಹೋಗುವುದು ಕುಗ್ಗಿಸಿದ ಚಿತ್ರ, 16 ಮೆಗಾಪಿಕ್ಸೆಲ್ ಮೀರಿದ್ದನ್ನು ಅಷ್ಟಕ್ಕೆ ಇಳಿಸಲಾಗುತ್ತದೆ.

ಎರಡನೆಯದು ಸೂಚಿಯನ್ನು ಸಂಗ್ರಹವೆಂದು ತಿಳಿಯುವುದು. ಲೈಟ್‌ರೂಮ್ ಕ್ಲಾಸಿಕ್ ಎಂಬ ಫೋಟೋ ತಂತ್ರಾಂಶ ಮುಚ್ಚುವಾಗ ಬ್ಯಾಕಪ್ ಮಾಡಲೇ ಎಂದು ಕೇಳುತ್ತದೆ, ನಾವು ಹೂಂ ಎನ್ನುತ್ತೇವೆ. ಅದು ನಕಲು ಮಾಡುವುದು ತನ್ನ ಕ್ಯಾಟಲಾಗನ್ನು ಮಾತ್ರ, ಒಂದು ಫೋಟೋವನ್ನೂ ಅಲ್ಲ.

ಮೂರನೆಯದು ಕ್ಯಾಮೆರಾದ ಎಣಿಕೆ. ಕ್ಯಾಮೆರಾಗಳು ಫೈಲಿಗೆ ಕೊಡುವುದು ನಾಲ್ಕಂಕಿಯ ಸಂಖ್ಯೆ. 9999 ಮುಟ್ಟಿದ ಮೇಲೆ ಮತ್ತೆ 0001. ಹಾಗಾಗಿ 2012ರ ಐಎಂಜಿ_0412 ಮತ್ತು 2015ರ ಐಎಂಜಿ_0412 ಎರಡು ಬೇರೆ ಚಿತ್ರಗಳು, ಒಂದೇ ಹೆಸರು. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿಯುವಾಗ "ಈ ಹೆಸರಿನ ಫೈಲ್ ಇದೆ, ಬದಲಿಸಲೇ?" ಎಂಬ ಪ್ರಶ್ನೆಗೆ "ಎಲ್ಲಕ್ಕೂ ಹೌದು" ಎಂದು ಒತ್ತಿದ ಕ್ಷಣ 2012 ಅಳಿಸಿಹೋಗುತ್ತದೆ. ಇದಕ್ಕೆ ಯಾವ ತಂತ್ರಾಂಶವೂ ದೋಷ ಎನ್ನುವುದಿಲ್ಲ. ತೆಗೆದ ದಿನಾಂಕವನ್ನು ಹೆಸರಿನ ಮುಂದೆ ಸೇರಿಸಿ ಹೆಸರು ಬದಲಿಸಿಕೊಂಡ ಮೇಲೆ ಸುರಿಯುವುದು ಕ್ಷೇಮ.

ಇನ್ನು ಕನ್ನಡಿಯಂತೆ ಪ್ರತಿಬಿಂಬಿಸುವ ಬ್ಯಾಕಪ್. ಮೂಲದಲ್ಲಿ ಅಳಿಸಿದ್ದನ್ನು ಪ್ರತಿಯಲ್ಲಿಯೂ ಅಳಿಸು ಎಂಬ ಆಯ್ಕೆ ರೋಬೊಕಾಪಿಯಲ್ಲಿಯೂ ಇದೆ, ಆರ್‌ಸಿಂಕ್‌ನಲ್ಲಿಯೂ ಇದೆ. ಮೂಲ ಮತ್ತು ಪ್ರತಿಯ ಜಾಗಗಳನ್ನು ಅದಲುಬದಲು ಮಾಡಿ ಬರೆದರೆ ಖಾಲಿ ಡಿಸ್ಕಿನ ಪ್ರತಿಬಿಂಬವಾಗಿ ಮೂಲವೇ ಖಾಲಿಯಾಗುತ್ತದೆ. ಎರಡೂ ಉಪಕರಣಗಳಲ್ಲಿ ಏನೂ ಮಾಡದೆ ಏನು ಮಾಡುತ್ತೇನೆಂದು ಮಾತ್ರ ತೋರಿಸುವ ಒಣ ಓಟದ ಆಯ್ಕೆಯಿದೆ, ಅದನ್ನು ಒಮ್ಮೆ ಓಡಿಸಿ ಕಣ್ಣಾಡಿಸದೆ ನಾನು ಈಗಲೂ ಮುಂದುವರಿಯುವುದಿಲ್ಲ. ಕ್ಲೌಡ್‌ನ ಸಿಂಕ್ ಕೂಡ ಇದೇ ಜಾತಿಯದು: ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ ಉಳಿಯುವುದು ಕೆಲವು ವಾರ ಮಾತ್ರ.

ಹೋಯಿತೇ, ಸರಿಯಾಗಿ ಹೋಯಿತೇ

ಎರಡೂ ಕಡೆಯ ಫೈಲ್‌ಗಳ ಎಣಿಕೆ ತಾಳೆಯಾಗದಿದ್ದರೆ ಕೂಡಲೇ ಹೌಹಾರಬೇಡಿ. ವಿಂಡೋಸ್ ಮತ್ತು ಮ್ಯಾಕ್ ತಮ್ಮ ಪಾಡಿಗೆ ಅಲ್ಲಲ್ಲಿ ಅಡಗು ಫೈಲ್‌ಗಳನ್ನು ಬಿಟ್ಟುಹೋಗುತ್ತವೆ. ಎಣಿಕೆ ತಾಳೆಯಾದರೂ ನಿಶ್ಚಿಂತರಾಗಬೇಡಿ. ಗಾತ್ರ ಸರಿಯಿದ್ದು ಒಳಗೆ ಬರಿಯ ಸೊನ್ನೆಗಳು ತುಂಬಿದ ಫೋಟೋಗಳನ್ನು ನಾನು ನೋಡಿದ್ದೇನೆ. ಹುಸಿ ಸಾಮರ್ಥ್ಯದ ಮೆಮೊರಿ ಕಾರ್ಡುಗಳ ಚಾಳಿ ಇದು: 1 ಟಿಬಿ ಎಂದು ಹೇಳಿಕೊಂಡು, ನಿಜವಾಗಿ ಇರುವ ಕೆಲವೇ ಜಿಬಿ ತುಂಬಿದ ಮೇಲೆ ಬಂದದ್ದನ್ನೆಲ್ಲ ಹಳೆಯದರ ಮೇಲೆ ಬರೆಯುತ್ತಲೋ ಎಸೆಯುತ್ತಲೋ ಹೋಗುತ್ತವೆ, ಹೆಸರುಗಳನ್ನು ಮಾತ್ರ ನೀಟಾಗಿ ಇಟ್ಟುಕೊಂಡಿರುತ್ತವೆ. ಹೊಸ ಕಾರ್ಡು, ಪೆನ್‌ಡ್ರೈವ್‌ಗಳನ್ನು ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ಉಪಕರಣದಿಂದ ಒಮ್ಮೆ ಪೂರ್ತಿ ತುಂಬಿಸಿ, ಓದಿಸಿ ನೋಡಬಹುದು.

ನಂಬಬಹುದಾದ ಪರೀಕ್ಷೆ ಚೆಕ್‌ಸಮ್. ಫೈಲಿನ ಪ್ರತಿ ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಶಾ-256 ಎಂಬ ಗಣಿತ ಒಂದು ಸಹಿಯನ್ನು ಕೊಡುತ್ತದೆ. ಒಂದು ಬಿಟ್ ಬದಲಾದರೂ ಸಹಿ ಪೂರ್ತಿ ಬೇರೆಯಾಗುತ್ತದೆ. ಮೂಲದ ಸಹಿಗಳ ಪಟ್ಟಿಯನ್ನು ಮಾಡಿ, ಪ್ರತಿಯದನ್ನೂ ಮಾಡಿ, ಎರಡನ್ನೂ ಹೋಲಿಸಬೇಕು. ಲಕ್ಷ ಫೋಟೋಗಳಿಗೆ ಕೆಲವು ಗಂಟೆ ಹಿಡಿಯುತ್ತದೆ, ಕಂಪ್ಯೂಟರ್ ತಾನಾಗಿ ಮಾಡಿಕೊಳ್ಳುತ್ತದೆ. ಹಳೆಯ ಪಟ್ಟಿಯನ್ನು ಕಾಪಾಡಿಕೊಂಡರೆ ಇನ್ನೈದು ವರ್ಷದ ನಂತರ ಯಾವ ಫೋಟೋ ತಾನಾಗಿಯೇ ಕೆಟ್ಟಿದೆ ಎಂಬುದೂ ಗೊತ್ತಾಗುತ್ತದೆ.

ಛಾಯಾಗ್ರಾಹಕ ಪೀಟರ್ ಕ್ರೋ ಅವರಿಂದ ಹೆಸರಾದ 3-2-1 ಸೂತ್ರವನ್ನು ಎಲ್ಲರೂ ಕೇಳಿರುತ್ತಾರೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಸೇರಿಸುವುದು ಹೆಚ್ಚೇನಿಲ್ಲ. ಮೂರು ಪ್ರತಿಗಳನ್ನೂ ಒಂದೇ ಕೆಟ್ಟ ಮೂಲದಿಂದ, ಒಂದೇ ರಾತ್ರಿ, ಒಂದೇ "ಬಿಟ್ಟು ಮುಂದೆ ಹೋಗು" ಒತ್ತುತ್ತಾ ಮಾಡಿದರೆ ಮೂರರಲ್ಲಿಯೂ ಅದೇ ಫೋಟೋಗಳು ಇರುವುದಿಲ್ಲ, ಅಷ್ಟೆ.

ನನ್ನ ಶೇಕಡಾ 61ರ ವಿಷಯ ಹೇಳುವುದು ಉಳಿಯಿತು. ಎರಡು ವರ್ಷಗಳ ನಂತರ ಸಹಿಗಳ ಪಟ್ಟಿ ಹೋಲಿಸಿದಾಗ 37 ಫೈಲ್‌ಗಳು ಪ್ರತಿಯಲ್ಲಿ ಇರಲಿಲ್ಲ. ಹಳೆಯ ಡಿಸ್ಕ್ ಅದೃಷ್ಟಕ್ಕೆ ಇನ್ನೂ ಕಪಾಟಿನಲ್ಲಿತ್ತು. 197ರ ಸಾಲಿನಲ್ಲಿ 11 ಎಂದು ತೋರಿಸಿತು. ಡಿಡಿರೆಸ್ಕ್ಯೂ ಒಂದೂವರೆ ದಿನ ಓಡಿ 35ನ್ನು ಇಡಿಯಾಗಿ ತಂದುಕೊಟ್ಟಿತು. ಉಳಿದ ಎರಡರಲ್ಲಿ ಒಂದು, ಬೆಳಕು ಪರೀಕ್ಷಿಸಲು ತೆಗೆದ ಬರಿಯ ಗೋಡೆ. ಇನ್ನೊಂದು ಮನೆಯವರೆಲ್ಲ ಸಾಲಾಗಿ ನಿಂತ ಚಿತ್ರ: ಮೇಲಿನ ಮೂರನೆಯ ಒಂದು ಭಾಗದಲ್ಲಿ ಹಿತ್ತಲಿನ ಮರ, ಅದರ ಕೆಳಗೆ ಹಿಂದಿನ ಸಾಲಿನವರ ಕೂದಲು, ಅಲ್ಲಿಂದ ಕೆಳಗೆ ಪೂರ್ತಿ ಬೂದು ಬಣ್ಣ. ಅದನ್ನು ಅಳಿಸಿಲ್ಲ. 2009-12 ಫೋಲ್ಡರಿನಲ್ಲಿದೆ, ಅದಕ್ಕೂ ಒಂದು ಸಹಿ ಇದೆ.